ಕಡಲ ಹಸಿರು ನೋಡಿ ಬೂತಾಯಿಯ ಲೆಕ್ಕ ಹಾಕುವುದು ಹೇಗೆ?

ಬೂತಾಯಿ (ಸಾರ್ಡೀನ್ ಮೀನು) ತಂದ ದಿನ ಒಂದು ಕೆಲಸ ಮಾಡಿ. ಶುಚಿ ಮಾಡುವಾಗ ಒಂದು ಮೀನಿನ ಹೊಟ್ಟೆ ಬಿಸಾಡದೆ ಬಿಡಿಸಿ ನೋಡಿ. ಮೀನು ಮೇದು ಬಂದಿದ್ದರೆ ಕಂದು ಹಸಿರಿನ ಲೋಳೆ ಸಿಗುತ್ತದೆ. ಅದರಲ್ಲಿ ಡಯಾಟಮ್ ಜಾಸ್ತಿ. ಗಾಜಿನಂಥ ಚಿಪ್ಪಿನ, ಬರಿಗಣ್ಣಿಗೆ ಕಾಣದ ಪಾಚಿ ಅದು. ನೀರಿನಲ್ಲಿ ತೇಲುವ ಇಂಥ ಪಾಚಿಗೇ ಸಸ್ಯ ಪ್ಲಾಂಕ್ಟನ್ ಅನ್ನುವುದು.

ಈಗ ಲೆಕ್ಕ. ತಿಂದದ್ದರಲ್ಲಿ ಹತ್ತನೇ ಒಂದು ಪಾಲು ಮಾತ್ರ ಮೈಗೆ ಹತ್ತುತ್ತದೆ ಎಂದಿಟ್ಟುಕೊಳ್ಳಿ, ಇದು ದಪ್ಪ ಅಂದಾಜು. 1000 ಕೆಜಿ ಪಾಚಿಯನ್ನು ಬೂತಾಯಿ ನೇರವಾಗಿ ತಿಂದರೆ 100 ಕೆಜಿ ಬೂತಾಯಿ. ಅದೇ ಪಾಚಿಯನ್ನು ಪುಟಾಣಿ ಜೀವಿಗಳು ತಿಂದು, ಅವನ್ನು ಸಣ್ಣ ಮೀನು ತಿಂದು, ಆ ಮೀನನ್ನು ಅಂಜಲ್ ಎಂಬ ದೊಡ್ಡ ಮೀನು ತಿಂದರೆ ಕೊನೆಗೆ ಉಳಿಯುವುದು 1 ಕೆಜಿ ಅಂಜಲ್! ಬೂತಾಯಿ ರಾಶಿ ರಾಶಿ ಸಿಗುವುದಕ್ಕೆ ಇದೇ ದೊಡ್ಡ ಕಾರಣ.

ಆಮೇಲೆ ಕಾಲ ನೋಡಿ. ಮುಂಗಾರಿನಲ್ಲಿ ಗಾಳಿ ಕರಾವಳಿಯುದ್ದಕ್ಕೂ ನೀರನ್ನು ದಕ್ಷಿಣದ ಕಡೆ ತಳ್ಳುತ್ತದೆ, ಭೂಮಿ ತಿರುಗುವುದರಿಂದ ಮೇಲಿನ ನೀರು ದಡ ಬಿಟ್ಟು ಆಚೆ ಸರಿಯುತ್ತದೆ, ಆ ಜಾಗಕ್ಕೆ ಅಡಿಯ ತಣ್ಣನೆ ನೀರು ನೈಟ್ರೇಟ್, ಫಾಸ್ಫೇಟ್ ಗೊಬ್ಬರ ಹೊತ್ತು ಮೇಲೇಳುತ್ತದೆ. ಬಿಸಿಲು ತಾಗಿದರೆ ಪಾಚಿ ಹಬ್ಬಿ ಕಡಲು ಹಸಿರಾಗುತ್ತದೆ. ಕೇರಳದ ಕಡೆ ಇದು ಜೋರು, ಉತ್ತರಕ್ಕೆ ಬಂದಂತೆ ಕಡಿಮೆ.

ಇನ್ನು ನಕ್ಷೆ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದ ಚಿತ್ರದಿಂದ ಮೀನು ಸಿಗಬಹುದಾದ ಜಾಗ ಗುರುತಿಸಿ ಕನ್ನಡದಲ್ಲೂ ಸೂಚನೆ ಕೊಡುತ್ತದೆ: ಬಂದರಿನಿಂದ ಯಾವ ದಿಕ್ಕು, ಎಷ್ಟು ದೂರ, ಎಷ್ಟು ಆಳ. ಬರೀ ಹಸಿರು ಹುಡುಕಬೇಡಿ. ತಣ್ಣೀರು, ಬೆಚ್ಚನೆ ನೀರು ಸೇರುವ ಅಂಚಿನಲ್ಲೇ ಪಾಚಿಯ ಅಂಚೂ ಬಿದ್ದಿದೆಯಾ ನೋಡಿ. ಮೀನು ಅಲ್ಲಿ ಸೇರುತ್ತದೆ. ಮೋಡ ಮುಸುಕಿದರೆ ನಕ್ಷೆ ಸಿಗುವುದಿಲ್ಲ, ಉಪಗ್ರಹಕ್ಕೆ ನೀರು ಕಾಣಬೇಕಲ್ವಾ.

ಇಲ್ಲಿ ಎರಡು ಕಡೆ ಮೋಸ ಹೋಗಬಹುದು. ಅಳಿವೆಯ ಕೆಸರು ನೀರು ಉಪಗ್ರಹಕ್ಕೆ ಪಾಚಿಯಂತೆ ಕಾಣುತ್ತದೆ. ಎರಡನೆಯದು, ಹಸಿರೆಲ್ಲ ಮೇವಲ್ಲ. ರಾತ್ರಿ ಅಲೆಯಲ್ಲಿ ನೀಲಿಯಾಗಿ ಮಿನುಗುವ ನಾಕ್ಟಿಲೂಕಾ ಎಂಬ ಪುಟ್ಟ ಜೀವಿ ಹಬ್ಬಿದರೆ ಅದು ಡಯಾಟಮ್‌ಗಳನ್ನೇ ನುಂಗಿಹಾಕುತ್ತದೆ.

ಮೇವಿದ್ದರೂ ಮೀನು ಉಳಿದಿರಬೇಕು. ಪೆರುವಿನಲ್ಲಿ 1970ರಲ್ಲಿ 1 ಕೋಟಿ 20 ಲಕ್ಷ ಟನ್ ದಾಟಿದ್ದ ಆಂಚೊವಿ ಎಂಬ ಸಣ್ಣ ಮೀನಿನ ಬೇಟೆ, ಮಿತಿಮೀರಿ ಹಿಡಿದದ್ದಕ್ಕೆ ಎಲ್ ನಿನೊ (ಪೆಸಿಫಿಕ್ ಕಡಲ ನೀರು ಬೆಚ್ಚಗಾಗುವುದು) ಕೂಡ ಸೇರಿ, 1973ಕ್ಕೆ 20 ಲಕ್ಷದ ಆಸುಪಾಸಿಗೆ ಕುಸಿಯಿತು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳನ್ನು ನಿಲ್ಲಿಸುವುದು ಮೀನು ಮೊಟ್ಟೆಯಿಟ್ಟು ಮರಿ ಮಾಡಲಿ ಎಂದೇ.

ಒಂದು ಪುಸ್ತಕ ಇಟ್ಟುಕೊಳ್ಳಿ. ನಕ್ಷೆ ಹಸಿರಾದ ದಿನ ಒಂದು ಕಡೆ, ಪೇಟೆಗೆ ಬೂತಾಯಿ ರಾಶಿ ಬಿದ್ದ ದಿನ ಇನ್ನೊಂದು ಕಡೆ ಬರೆಯಿರಿ.