ಒಳಗೆ ಅದುಮಿಟ್ಟದ್ದಕ್ಕೆ ಒಂದು ಜಾಗ ಕೊಡುವುದು ಹೇಗೆ

ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ತೋಟ ಮುಗಿದು ಕಾಡು ಶುರುವಾಗುವ ಕಡೆ, ಯಾವುದಾದರೂ ದೊಡ್ಡ ಮರದ ಬುಡದಲ್ಲಿ, ಪಾಚಿ ಹಿಡಿದ ನಾಲ್ಕಾರು ಕಲ್ಲುಗಳು ಕಾಣಸಿಗುತ್ತವೆ. ಅದು ಚೌಡಿಯ ಅಥವಾ ಭೂತದ ಜಾಗ. ವರ್ಷಕ್ಕೊಮ್ಮೆ, ಬಹಳ ಕಡೆ ದೀಪಾವಳಿಯ ಆಸುಪಾಸಿನಲ್ಲಿ, ಮನೆಯವರು ಅಲ್ಲಿಗೆ ಹೋಗಿ ತೆಂಗಿನಕಾಯಿ ಒಡೆದೋ ಕೋಳಿ ಕೊಯ್ದೋ ಅದಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿ ಬರುತ್ತಾರೆ. ಚೌಡಿಯನ್ನು ಯಾರೂ ದೇವರ ಕೋಣೆಗೆ ತಂದು ಕೂರಿಸುವುದಿಲ್ಲ, ಸೀಮೆ ದಾಟಿಸಿ ಓಡಿಸಲೂ ಹೋಗುವುದಿಲ್ಲ. ನಾವೇ ಅದುಮಿಟ್ಟ ನಮ್ಮ ಸ್ವಭಾವದೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಏರ್ಪಾಡೇ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ (1875–1961) ವ್ಯಕ್ತಿತ್ವದ ಈ ಭಾಗವನ್ನು ‘ನೆರಳು’ ಎಂದು ಕರೆದರು. ಲೋಕಕ್ಕೆ ತೋರಿಸುವ ಮುಖವನ್ನು ಅವರು ನಾಟಕದ ಮುಖವಾಡ ಎಂಬ ಅರ್ಥದ ಲ್ಯಾಟಿನ್ ಪದದಿಂದ ‘ಪರ್ಸೋನಾ’ ಎಂದು ಹೆಸರಿಸಿದರು. ಆ ಮುಖಕ್ಕೆ ಒಗ್ಗದ್ದೆಲ್ಲ ಹಿಂದೆ ಸರಿದು ನೆರಳಾಗುತ್ತದೆ. “ಗಂಡುಹುಡುಗ ಅಳ್ತೀಯನೋ?”, “ಹೆಣ್ಣುಮಕ್ಕಳು ಹಾಗೆ ಗಟ್ಟಿಯಾಗಿ ನಗಬಾರದು”, “ದೊಡ್ಡವರ ಎದುರು ನನಗೆ ಬೇಕು ಅನ್ನಬಾರದು” ಎಂಬಂಥ ಮಾತುಗಳನ್ನು ಕೇಳಿ ಬೆಳೆದ ಮಗು ಅಳುವನ್ನು, ನಗುವನ್ನು, ಆಸೆಯನ್ನು ಬಿಟ್ಟುಬಿಡುವುದಿಲ್ಲ, ಕಾಣದ ಹಾಗೆ ಇಟ್ಟುಕೊಳ್ಳುತ್ತದೆ. ಹೀಗೆ ಬಚ್ಚಿಟ್ಟದ್ದೆಲ್ಲ ಕೆಟ್ಟದ್ದೆಂದು ತಿಳಿಯುವುದು ತಪ್ಪು. ಎಳವೆಯಲ್ಲಿ ಚೆನ್ನಾಗಿ ಹಾಡುತ್ತಿದ್ದು, ಮದುವೆಯಾದ ಮೇಲೆ “ಅದೆಲ್ಲ ನಮ್ಮಂಥವರಿಗಲ್ಲ” ಎನ್ನುತ್ತ ಸುಮ್ಮನಾದ ಎಷ್ಟು ಹೆಂಗಸರು ನಮ್ಮ ಊರುಗಳಲ್ಲಿಲ್ಲ? ಅವರ ಹಾಡೂ ನೆರಳಿನಲ್ಲಿಯೇ ಇದೆ.

ನೆರಳನ್ನು ನೇರವಾಗಿ ನೋಡಲಾಗದು. ಇನ್ನೊಬ್ಬರ ಮೇಲೆ ಬಿದ್ದಾಗಲೇ ಅದು ಕಾಣುತ್ತದೆ. ಆದ್ದರಿಂದ ಹುಡುಕಾಟವನ್ನು ನಿಮಗೆ ಅತಿಯಾಗಿ ಸಿಟ್ಟು ತರಿಸುವ ವ್ಯಕ್ತಿಯಿಂದ ಆರಂಭಿಸಿ. ಒಬ್ಬರ ತಪ್ಪು ಕಂಡು, ಒಂದು ಮಾತು ಆಡಿ ಅಥವಾ ಆಡದೆ, ನೀವು ನಿಮ್ಮ ಕೆಲಸಕ್ಕೆ ಮರಳಿದರೆ ಅದು ಅವರ ಕುರಿತ ತಿಳಿವಳಿಕೆ ಮಾತ್ರ. ಅದೇ ತಪ್ಪು ಮೂರು ದಿನ ಎದೆಯಲ್ಲಿ ಉರಿಯುತ್ತಿದ್ದು, ಸಿಕ್ಕಸಿಕ್ಕವರ ಬಳಿ ಹೇಳಿಕೊಳ್ಳುವಂತೆ ಮಾಡಿದರೆ, ಅದರಲ್ಲಿ ನಿಮ್ಮದೂ ಏನೋ ಸೇರಿಕೊಂಡಿದೆ. ಇಲ್ಲೊಂದು ಎಚ್ಚರವನ್ನು ಹೇಳಲೇಬೇಕು, ಏಕೆಂದರೆ ಈ ವಿಚಾರವನ್ನು ಅರ್ಧ ಓದಿದವರು ಮಾಡುವ ಅನ್ಯಾಯ ಸಣ್ಣದಲ್ಲ. ಕೂಲಿ ಕೊಡದೆ ಸತಾಯಿಸಿದವನ ಮೇಲೆ, ಕೈ ಮಾಡುವ ಗಂಡನ ಮೇಲೆ ಬರುವ ಸಿಟ್ಟು ನೆರಳಲ್ಲ, ನ್ಯಾಯವಾದ ಸಿಟ್ಟು. ಅಂಥವರಿಗೆ “ನಿನ್ನೊಳಗೆ ನೋಡಿಕೋ” ಎಂದು ಉಪದೇಶಿಸುವುದು ಕ್ರೌರ್ಯ.

ನನ್ನ ನೆರಳು ನನಗೆ ಸಿಕ್ಕಿದ್ದು ಕೊಯ್ಲಿನ ಕಾಲದ ಒಂದು ರಾತ್ರಿ. ಜಗಲಿಯಲ್ಲಿ ಮೆಟ್ಟುಗತ್ತಿಗಳ ಮುಂದೆ ಹತ್ತು ಜನ ಕೂತು ಅಡಿಕೆ ಸುಲಿಯುತ್ತಿದ್ದಾಗ, ಚಿಕ್ಕಪ್ಪನ ಮಗ ಎಲ್ಲರಿಗೂ ಕೇಳುವಂತೆ “ಲೆಕ್ಕ ಮಾಡಿ ನನ್ನ ಪಾಲು ಕೊಟ್ಟುಬಿಡಿ” ಎಂದ. ಕೇಳಿದ್ದು ನ್ಯಾಯವಾಗಿಯೇ ಇತ್ತು, ಕೇಳಿದ ರೀತಿಯೂ ಒರಟಾಗಿರಲಿಲ್ಲ. ಆದರೂ ನಾನು ಒಂದು ತಿಂಗಳು ಅವನನ್ನು ದುರಾಸೆಯವನೆಂದು ಮನಸ್ಸಿನಲ್ಲೇ ಬೈದೆ. “ಅವನಿಗೇನೂ ಬೇಡ, ಬಂಗಾರದಂಥ ಮನುಷ್ಯ” ಎಂದು ಊರೆಲ್ಲ ನನ್ನನ್ನು ಹೊಗಳುತ್ತಿತ್ತು. ಆ ಹೊಗಳಿಕೆಯ ಬೆಲೆಯನ್ನು ಇಪ್ಪತ್ತು ವರ್ಷ ನಾನು ಕಟ್ಟುತ್ತ ಬಂದಿದ್ದೆನೆಂಬುದು ಆಮೇಲೆ ತಿಳಿಯಿತು.

ತಿಳಿದದ್ದು ಬರೆಯುವುದರಿಂದ. ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಸಿಗ್ಮಂಡ್ ಫ್ರಾಯ್ಡ್ ಅವರಿಂದ ದೂರವಾದ ಮೇಲೆ, 1913ರ ಸುಮಾರಿಗೆ, ಯೂಂಗ್ ತಮ್ಮೊಳಗಿನ ಪಾತ್ರಗಳೊಂದಿಗೆ ಮಾತುಕತೆ ನಡೆಸಿ ಅದನ್ನು ನೋಟ್‌ಪುಸ್ತಕಗಳಲ್ಲಿ ಬರೆದಿಡತೊಡಗಿದ್ದರು. ನಾವು ಅಷ್ಟು ಆಳಕ್ಕೆ ಇಳಿಯಬೇಕಾಗಿಲ್ಲ. ಇಪ್ಪತ್ತು ನಿಮಿಷ ಮತ್ತು ಬೇರೆ ಯಾರೂ ಓದದ ಒಂದು ಪುಸ್ತಕವಿದ್ದರೆ ಸಾಕು. ಮೊದಲು ನಿಮಗೆ ಸಿಟ್ಟು ತರಿಸುವ ಆ ವ್ಯಕ್ತಿಯನ್ನು ‘ಅವನು’ ಅಥವಾ ‘ಅವಳು’ ಎಂದು, ಸಭ್ಯತೆಯ ಹಂಗಿಲ್ಲದೆ, ಮನಸ್ಸಿಗೆ ಬಂದಷ್ಟು ಬೈದು ಬರೆಯಿರಿ. ಮಾರನೆಯ ದಿನ ಆ ದುರ್ಗುಣವನ್ನೇ ಎದುರಿಗೆ ಕೂರಿಸಿಕೊಂಡು, ಮನೆಗೆ ಬಂದ ನೆಂಟರನ್ನು ಮಾತಾಡಿಸುವಂತೆ ‘ನೀವು’ ಎಂದು ಬಹುವಚನದಲ್ಲಿ ಕೇಳಿ: ನೀವು ಯಾವಾಗಿನಿಂದ ಇಲ್ಲಿದ್ದೀರಿ, ನಿಮಗೇನು ಬೇಕು, ನಿಮ್ಮನ್ನು ಒಳಗೆ ಹಾಕಿದವರು ಯಾರು? ಏಕವಚನದಲ್ಲಿ ಕೇಳಿದಾಗ ನನ್ನ ಪ್ರಶ್ನೆಗಳು ಪೊಲೀಸರ ವಿಚಾರಣೆಯಂತಾಗಿ ಯಾವ ಉತ್ತರವೂ ಬರಲಿಲ್ಲ. ‘ನೀವು’ ಎಂದ ಮೇಲೆ ಬಂತು. ಮೂರನೆಯ ದಿನ, ಬೈದು ಬರೆದ ಪುಟವನ್ನು ತೆಗೆದು ‘ಅವನು’ ಇದ್ದಲ್ಲೆಲ್ಲ ‘ನಾನು’ ಎಂದು ತಿದ್ದಿ, ಬಾಯಿಬಿಟ್ಟು ಓದಿ. ಎಲ್ಲ ಸಾಲುಗಳೂ ನಿಜವೆನಿಸುವುದಿಲ್ಲ. “ನನಗೂ ಪಾಲು ಬೇಕು, ಕೇಳಲು ನಾಚಿಕೆ” ಎಂಬ ಸಾಲಿಗೆ ಬಂದಾಗ ನನ್ನ ದನಿ ಕಟ್ಟಿತು, ಹುಡುಕುತ್ತಿದ್ದುದು ಅದನ್ನೇ.

ಕನಸುಗಳನ್ನೂ ಎದ್ದ ಕೂಡಲೇ ಬರೆದಿಡಬಹುದು. ನೆರಳು ಸಾಮಾನ್ಯವಾಗಿ ಕನಸು ಕಾಣುವವರದೇ ಲಿಂಗದ, ಅವರಿಗೆ ಹೇಸಿಗೆಯೋ ಭಯವೋ ಹುಟ್ಟಿಸುವ ವ್ಯಕ್ತಿಯಾಗಿ ಕನಸಿನಲ್ಲಿ ಬರುತ್ತದೆ ಎಂದು ಯೂಂಗ್ ಹೇಳುತ್ತಿದ್ದರು. ನನ್ನ ಮಟ್ಟಿಗೆ ಇದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ.

ಬರೆಯುವಾಗ ಹಳೆಯ ಆಘಾತವೊಂದು ಎದ್ದು ನಿದ್ದೆ ಕೆಟ್ಟರೆ, ಬದುಕೇ ಬೇಡವೆನಿಸಿದರೆ, ಪುಸ್ತಕವನ್ನು ಮುಚ್ಚಿಡಬೇಕು. ಒಬ್ಬರೇ ಮಾಡುವ ಕೆಲಸ ಅದಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.

ಗುರುತಿಸಿದ ಮೇಲೆ ಒಪ್ಪಿಕೊಳ್ಳುವುದು ಎಂದರೇನು? ಹಲವರು ಇಲ್ಲಿ ಎಡವುತ್ತಾರೆ. ಸಿಟ್ಟು ನನ್ನದೆಂದು ಗೊತ್ತಾದ ಮಾತ್ರಕ್ಕೆ “ನಾನಿರುವುದೇ ಹೀಗೆ” ಎಂದು ಮನೆಮಂದಿಯ ಮೇಲೆಲ್ಲ ಹರಿಹಾಯುವುದು ಚೌಡಿಯನ್ನು ದೇವರ ಕೋಣೆಗೆ ತಂದು ಕೂರಿಸಿದಂತೆ. ಅದಕ್ಕೆ ಸಲ್ಲಬೇಕಾದ ಪಾಲೆಷ್ಟು ಎಂದು ಲೆಕ್ಕ ಹಾಕಿ, ಅಷ್ಟನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ಸಿಟ್ಟು ಕೇಳುವುದು ಹೆಚ್ಚಿನ ಸಲ ಒಂದು “ಆಗುವುದಿಲ್ಲ” ಎಂಬ ಮಾತನ್ನು, ಹೇಳಬೇಕಾದವರಿಗೆ, ಹೇಳಬೇಕಾದ ದಿನವೇ. ಹೊಟ್ಟೆಕಿಚ್ಚು ನಮಗೆ ಬೇಕಾದುದರ ವಿಳಾಸವನ್ನು ಹೇಳುತ್ತದೆ. ನೆರೆಮನೆಯವಳು ಹಾಡಿನ ಕ್ಲಾಸಿಗೆ ಹೊರಟಾಗ ಕರುಬುವವರು ತಾವೂ ವಾರಕ್ಕೊಂದು ಸಂಜೆ ಬಾಗಿಲು ಹಾಕಿಕೊಂಡು ಹಾಡಿ ನೋಡಬಹುದು. ಸೋಮಾರಿಗಳನ್ನು ಕಂಡರಾಗದ ದುಡಿಮೆಗಾರ, ಮಳೆಗಾಲದ ಒಂದು ಮಧ್ಯಾಹ್ನ ಹಂಡೆ ಒಲೆಯ ಮುಂದೆ ಹಲಸಿನ ಬೀಜ ಸುಟ್ಟುಕೊಂಡು ಏನೂ ಮಾಡದೆ ಕೂರಲಿ. ಮೊದಲ ಅರ್ಧ ಗಂಟೆ ಮೈಯೆಲ್ಲ ಮುಳ್ಳಾಗುತ್ತದೆ, ಎದ್ದು ಹೋಗಬಾರದು. ಒಮ್ಮೆ ಕೊಟ್ಟರೆ ಮುಗಿಯಿತೆಂದೂ ಇಲ್ಲ, ಚೌಡಿಗೆ ಪ್ರತಿ ವರ್ಷವೂ ಕೊಡುತ್ತೇವಲ್ಲ.

ಕಳೆದ ಕೊಯ್ಲಿನಲ್ಲಿ, ಅದೇ ಜಗಲಿಯಲ್ಲಿ, ನಾನು ಲೆಕ್ಕದ ಪುಸ್ತಕ ಕೇಳಿದೆ. ಗಂಟಲು ಒಣಗಿತ್ತು, ಎರಡು ಸಲ ಹೇಳಬೇಕಾಯಿತು. ಚಿಕ್ಕಪ್ಪನ ಮಗ ತಲೆಯೆತ್ತಿ ನೋಡಿ, “ಅಂತೂ ಬಾಯಿ ಬಿಟ್ಯಲ್ಲ ಅಣ್ಣಯ್ಯ” ಎಂದು ಮತ್ತೆ ಅಡಿಕೆ ಸುಲಿಯತೊಡಗಿದ.