ಅರ್ಧ ಫೋಲ್ಡರ್ ಮಾತ್ರ ಮತ್ತೆ ಯಾಕೆ ಕಾಪಿ ಆಗ್ತದ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನಮ್ಮದೊಂದು ಫೋಟೋ ಸ್ಟುಡಿಯೋ. ಎಡಿಟ್ ಆದ ಮದುವೆ ಫೋಟೋಗಳನ್ನು ಲಿನಕ್ಸ್ ಕಂಪ್ಯೂಟರಿನಿಂದ ಆರ್‌ಸಿಂಕ್ (ಬದಲಾದ ಫೈಲ್ ಮಾತ್ರ ಕಾಪಿ ಮಾಡುವ ಪ್ರೋಗ್ರಾಂ) ಹಾಕಿ ಪೆನ್‌ಡ್ರೈವಿಗೆ ಇಳಿಸುತ್ತೇವೆ. ಹೊಸ ಹುಡುಗರದು ಒಂದೇ ತಕರಾರು: “ಅಣ್ಣಾ, ಒಂದ್ ಫೋಟೋನೂ ಮುಟ್ಟಿಲ್ರಿ, ಆದ್ರೂ ಅರ್ಧ ಫೋಲ್ಡರ್ ಮತ್ತ ಕಾಪಿ ಆಗ್ಲತ್ತದ!”

ಆ ‘ಅರ್ಧ’ದಲ್ಲೇ ಉತ್ತರ ಇದೆ. ಫ್ಯಾಟ್32 (ಫೈಲ್ ಜೋಡಿಸಿಡುವ ಒಂದು ಹಳೇ ಪದ್ಧತಿ) ಪೆನ್‌ಡ್ರೈವಿನಲ್ಲಿ ಫೈಲ್ ತಿದ್ದಿದ ಸಮಯದ ಸೆಕೆಂಡಿಗೆ ಸಿಗುವುದು 5 ಬಿಟ್ ಜಾಗ. ಅದರಲ್ಲಿ 32 ಅಂಕಿ ಮಾತ್ರ ಹಿಡಿಯುತ್ತವೆ, 60 ಎಲ್ಲಿಂದ ಹಿಡಿಯಬೇಕು? ಹಾಗಾಗಿ ಅದು ಎರಡೆರಡು ಸೆಕೆಂಡಿನ ಲೆಕ್ಕ ಇಡುತ್ತದೆ. ಲಿನಕ್ಸ್ ಕಂಪ್ಯೂಟರಿನ ಎಕ್ಸ್ಟ್4 ಪದ್ಧತಿ ನ್ಯಾನೋಸೆಕೆಂಡಿನವರೆಗೂ ಬರೆದಿಡುತ್ತದೆ. ಪೆನ್‌ಡ್ರೈವ್ ತೆಗೆದು ಮತ್ತೆ ಚುಚ್ಚಿ, ಎರಡೂ ಕಡೆ ಫೈಲಿನ ಸಮಯ ತೋರಿಸುವ ‘ಸ್ಟ್ಯಾಟ್’ ಕಮಾಂಡ್ ಕೊಟ್ಟು ನೋಡ್ರಿ: ಇಲ್ಲಿ 10:42:37.518 ಅಂತ ಇದ್ದರೆ ಅಲ್ಲಿ 10:42:36. ಆರ್‌ಸಿಂಕ್ ನೋಡುವುದು ಸೈಜ್ ಮತ್ತು ಸಮಯ, ಎರಡನ್ನೇ. ಸಮಯದಲ್ಲೂ ಸೆಕೆಂಡಿನ ಚೂರು ಬಿಟ್ಟು ಪೂರ್ತಿ ಸೆಕೆಂಡಷ್ಟೇ ನೋಡುವುದರಿಂದ, ಬೆಸ ಸೆಕೆಂಡಿನ ಫೈಲ್‌ಗಳೆಲ್ಲ ಅದಕ್ಕೆ ಬದಲಾದಂತೆ ಕಾಣುತ್ತವೆ.

ಪರಿಹಾರ ಸಣ್ಣದು. ಕಮಾಂಡಿಗೆ ‘--ಮಾಡಿಫೈ-ವಿಂಡೋ=1’ ಸೇರಿಸ್ರಿ; ಒಂದು ಸೆಕೆಂಡಿನ ವ್ಯತ್ಯಾಸವನ್ನು ಅದು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಜೊತೆಗೆ ‘-ಆರ್‌ಟಿ’ ಇರಲಿ. ‘ಟಿ’ ಬಿಟ್ಟರೆ ಕಾಪಿ ಮಾಡಿದ ಹೊತ್ತೇ ಫೈಲಿನ ಹೊತ್ತಾಗಿ ಕೂತು, ಮತ್ತೆ ಮೊದಲಿನಿಂದ ಗೋಳು. ವಿಂಡೋಸಿನಲ್ಲಿ ರೋಬೋಕಾಪಿ ಬಳಸುವವರಿಗೆ ‘/ಎಫ್ಎಫ್‌ಟಿ’ ಇದೆ, ಕೆಲಸ ಅದೇ.

ಕೆಲವರು ‘--ಸೈಜ್-ಓನ್ಲಿ’ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನನಗದು ಬಿಲ್ಕುಲ್ ಒಪ್ಪಿಗೆಯಿಲ್ಲ. ಗಿರಾಕಿಗಳ ಹೆಸರು, ಫೋನ್ ನಂಬರ್ ಬರೆದ ಟೆಕ್ಸ್ಟ್ ಫೈಲಿನಲ್ಲಿ ಒಂದು ಅಂಕಿ ತಿದ್ದಿದರೆ ಸೈಜ್ ಬದಲಾಗುವುದಿಲ್ಲ. ಪೆನ್‌ಡ್ರೈವಿನಲ್ಲಿ ಹಳೇ ನಂಬರೇ ಉಳಿಯುತ್ತದೆ. ಅನುಮಾನ ಇದ್ದರೆ ‘-ಸಿ’ ಕೊಡ್ರಿ. ಎರಡೂ ಕಡೆಯ ಫೈಲ್ ಪೂರ್ತಿ ಓದಿ ತಾಳೆ ನೋಡುತ್ತದೆ. ನಿಧಾನ, ಅಷ್ಟರಲ್ಲಿ ಚಹಾ ಕುಡಿದು ಬರಬಹುದು.

ವ್ಯತ್ಯಾಸ ಸರಿಯಾಗಿ 5 ಗಂಟೆ 30 ನಿಮಿಷ ಬಂದರೆ ಅದು ಬೇರೆ ರೋಗ. ಫ್ಯಾಟ್32 ಸ್ಥಳೀಯ ಸಮಯ ಬರೆಯುತ್ತದೆ, ಯಾವ ಊರಿನ ಸಮಯ ಅಂತ ಬರೆಯುವುದಿಲ್ಲ. ಒಂದು ಕಂಪ್ಯೂಟರ್ ಯುಟಿಸಿಯಲ್ಲಿ (ಜಗತ್ತಿನ ಮೂಲ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ), ಇನ್ನೊಂದು ಭಾರತೀಯ ಸಮಯದಲ್ಲಿ ಇದ್ದರೆ ಹೀಗಾಗುತ್ತದೆ. ಅದಕ್ಕೆ ‘ಮಾಡಿಫೈ-ವಿಂಡೋ’ದ ಅಂಕಿ ಹಿಗ್ಗಿಸಬೇಡ್ರಿ, ಎರಡೂ ಕಂಪ್ಯೂಟರಿನ ಟೈಮ್‌ಝೋನ್ ‘ಏಷ್ಯಾ/ಕೋಲ್ಕತಾ’ ಮಾಡ್ರಿ.