ಪ್ರಾಕ್ಸಿ ದಾಟುವಾಗ ಕನ್ನಡ ಅಕ್ಷರ ಒಡೀತದಾ? ಎಲ್ಲಿ ಅಂತ ಹುಡುಕೋದು ಹೀಗೆ

ಬದಿಯಡ್ಕ ಕಡೆಯ ಒಂದು ಸಣ್ಣ ಲೈಬ್ರರಿಗೆ ಪುಸ್ತಕ ಹುಡುಕುವ ವೆಬ್ ಅಪ್ಲಿಕೇಶನ್ ಮಾಡಿ ಕೊಟ್ಟಿದ್ದೆ, ಕನ್ನಡ ಮಲಯಾಳ ಎರಡೂ ಪುಸ್ತಕ ಉಂಟು ಅಲ್ಲಿ. ಸರ್ವರಿನ 8080 ಪೋರ್ಟಿಗೆ ನೇರ ಹೋಗಿ "ಅಡಿಕೆ" ಅಂತ ಹುಡುಕಿದ್ರೆ ಎಲ್ಲ ಪುಸ್ತಕ ಬರ್ತದೆ, ಎದುರಿಗೆ ಅಪಾಚೆ ಅನ್ನೋ ವೆಬ್ ಸರ್ವರನ್ನ ಪ್ರಾಕ್ಸಿಯಾಗಿ, ಅಂದ್ರೆ ಕೋರಿಕೆಯನ್ನ ಒಳಗೆ ದಾಟಿಸುವ ಮಧ್ಯವರ್ತಿಯಾಗಿ ಇಟ್ಟು ಅದರ ಮೂಲಕ ಹುಡುಕಿದ್ರೆ ಒಂದೂ ಇಲ್ಲ. ಇಂಗ್ಲಿಷಲ್ಲಿ ಹುಡುಕಿದ್ರೆ ಎರಡು ಕಡೆಯೂ ಸರಿ. ಎರಡು ದಿನ ಹೋಯ್ತು ನನಗೆ, ಯಾಕಂದ್ರೆ ನಾನು ಶುರುವಿಗೇ ಡೇಟಾಬೇಸ್ ಬಿಚ್ಚಿ ಕೂತೆ. ಹಾಗೆ ಮಾಡ್ಬೇಡಿ. ಅಕ್ಷರ ಬ್ರೌಸರಿಂದ ಹೊರಟು ಪ್ರಾಕ್ಸಿ, ಅಪ್ಲಿಕೇಶನ್, ಡೇಟಾಬೇಸ್ ಅಂತ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರ್ತದೆ, ಮೊದಲು ಒಡೆದ ಜಾಗ ಸಿಗುವವರೆಗೆ ಯಾವ ಸೆಟ್ಟಿಂಗೂ ಮುಟ್ಟಬಾರದು.

ಮೊದಲು ಕಾಣ್ತಾ ಇರೋದು ಎಂತ ಅಂತ ಸರಿಯಾಗಿ ನೋಡಿ. ಬರೀ ಚೌಕ ಕಂಡ್ರೆ ಅದು ಹೆಚ್ಚಾಗಿ ಫಾಂಟ್ ಇಲ್ಲದ್ದು, ಡೇಟಾಕ್ಕೆ ಏನೂ ಆಗಿರೋದಿಲ್ಲ. ಪ್ರಶ್ನೆ ಚಿಹ್ನೆ ಕಂಡ್ರೆ ಮಾತ್ರ ಹೆದರಬೇಕು. "ಅಡಿಕೆ" ಅಂದ್ರೆ ಯುನಿಕೋಡಲ್ಲಿ ಐದು ಸಂಕೇತ, ಅ, ಡ, ಇಕಾರ, ಕ, ಎಕಾರ, ಅದರ ಜಾಗದಲ್ಲಿ ಐದು ಪ್ರಶ್ನೆ ಚಿಹ್ನೆ ಬಂದಿದ್ರೆ ಯಾರೋ ಅದನ್ನ ಕನ್ನಡವೇ ಇಲ್ಲದ ಎನ್‌ಕೋಡಿಂಗಿಗೆ (ಅಕ್ಷರವನ್ನ ಬೈಟಾಗಿ ಬರೆಯುವ ಕ್ರಮ) ಬದಲಾಯಿಸಿ ಅಕ್ಷರವನ್ನೇ ಕಳೆದಿದ್ದಾರೆ.

ಮೂರನೇದು, ತಲೆ ಮೇಲೆ ಓರೆ ಗೀಟಿರೋ ಇಂಗ್ಲಿಷ್ ಎ, ಪಕ್ಕದಲ್ಲಿ ಮೇಲೆ ಬರೆದ ಸಣ್ಣ 2, ಮತ್ತೆಂತದೋ ಒಂದು, ಹೀಗೆ ಸಾಲಾಗಿ ಬರೋದು. ಇದು ಒಳ್ಳೆ ಸುದ್ದಿ, ಬೈಟ್ ಎಲ್ಲ ಹಾಗೇ ಉಂಟು, ಓದಿದವರು ತಪ್ಪು ಓದಿದ್ದು ಅಷ್ಟೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಹೆಕ್ಸಲ್ಲಿ, ಅಂದ್ರೆ ಹದಿನಾರರ ಲೆಕ್ಕದಲ್ಲಿ ಬರೆದ್ರೆ ಕನ್ನಡದ ಕ ಅಂದ್ರೆ ಇ0 ಬಿ2 95, ಮಲಯಾಳದ ಕ ಅಂದ್ರೆ ಇ0 ಬಿ4 95, ನಡುವಿನ ಬೈಟ್ ಒಂದೇ ಬೇರೆ! ಐಎಸ್ಒ-8859-1 (ಯುರೋಪಿನ ಅಕ್ಷರಗಳ ಹಳೇ ಎನ್‌ಕೋಡಿಂಗ್, ಲ್ಯಾಟಿನ್1 ಅಂತಲೂ ಹೇಳ್ತಾರೆ) ಅಂತ ತಪ್ಪಾಗಿ ಓದಿದಾಗ ಆ ಬಿ2 ಸಣ್ಣ 2 ಆಗ್ತದೆ, ಕನ್ನಡದ್ದೇ ಕೆಲವು ಸಂಕೇತಗಳ ಬಿ3 ಆದ್ರೆ ಸಣ್ಣ 3, ಮಲಯಾಳದ ಬಿ4 ಒಂದು ಓರೆ ಗೀಟು ಮಾತ್ರ. ಒಂದೇ ಫಾರ್ಮಲ್ಲಿ ಎರಡೂ ಲಿಪಿ ಬರೋ ನಮ್ಮ ಕಾಸರಗೋಡಲ್ಲಿ ಇದು ಭಾರಿ ಉಪಯೋಗ, ಒಡೆದ ಸಾಲು ಕನ್ನಡದ್ದಾ ಮಲಯಾಳದ್ದಾ ಅಂತ ನೋಡಿದ ಕೂಡ್ಲೇ ಹೇಳ್ಬಹುದು.

ಈಗ ಒಂದೇ ಶಬ್ದ ಹಿಡ್ಕೊಂಡು ಎರಡು ದಾರಿಯಲ್ಲೂ ಕಳಿಸಿ, ನೇರ 8080ಕ್ಕೆ ಒಮ್ಮೆ, ಪ್ರಾಕ್ಸಿ ಮೂಲಕ ಒಮ್ಮೆ. ಬ್ರೌಸರ್ ಬೇಡ, ಟರ್ಮಿನಲಲ್ಲಿ ಕರ್ಲ್ ಅನ್ನೋ ಕಮಾಂಡ್ ಬಳಸಿ, ಬ್ರೌಸರ್ ತಾನೇ ಊಹೆ ಮಾಡಿ ತಪ್ಪನ್ನ ಮುಚ್ಚಿಬಿಡ್ತದೆ. ಬಂದ ಉತ್ತರದ ಹೆಡರಲ್ಲಿ ಕಂಟೆಂಟ್-ಟೈಪ್ ನೋಡಿ. ಪ್ರಾಕ್ಸಿ ಕಡೆಯದ್ದರಲ್ಲಿ ಮಾತ್ರ ಚಾರ್‌ಸೆಟ್ ಐಎಸ್ಒ-8859-1 ಅಂತ ಇದ್ರೆ ಅಪಾಚೆಯ ಆಡ್-ಡಿಫಾಲ್ಟ್-ಚಾರ್‌ಸೆಟ್ ಸಾಲು ಹುಡುಕಿ. ಪೇಜಿನೊಳಗೆ ಮೆಟಾ ಟ್ಯಾಗ್ ಹಾಕಿದ್ದೇನಲ್ಲಾ ಅಂತ ತುಂಬಾ ಜನ ಹೇಳ್ತಾರೆ, ಆದ್ರೆ ಹೆಡರ್ ಒಂದು ಮೆಟಾ ಇನ್ನೊಂದು ಹೇಳಿದ್ರೆ ಬ್ರೌಸರ್ ಕೇಳೋದು ಹೆಡರಿನ ಮಾತು. ಹಾಗಾಗಿ ಯುಟಿಎಫ್-8 ಅಂತ ಅಪ್ಲಿಕೇಶನ್ನೇ ಹೆಡರಲ್ಲಿ ಹೇಳ್ಲಿ, ಅದೇ ಗಟ್ಟಿ ದಾರಿ.

ನನ್ನ ಹೆಡರ್ ಸರಿಯೇ ಇತ್ತು. ಪೆಟ್ಟು ಬಿದ್ದದ್ದು ಹೋಗುವ ದಾರಿಯಲ್ಲಿ. ಅಪ್ಲಿಕೇಶನ್ ಓಡೋದು ಟಾಮ್‌ಕ್ಯಾಟ್ ಅನ್ನೋ ಸರ್ವರಲ್ಲಿ, ಅದು 7ನೇ ಆವೃತ್ತಿವರೆಗೆ ಯುಆರ್‌ಎಲ್ ಓದೋದು ಐಎಸ್ಒ-8859-1 ಅಂತ, 8ರಿಂದ ಯುಟಿಎಫ್-8 ಆಯ್ತು. ಲೈಬ್ರರಿಯಲ್ಲಿ ಇದ್ದದ್ದು ಹಳೇ 7. ಸರ್ವರ್ ಡಾಟ್ ಎಕ್ಸ್‌ಎಂಎಲ್ ಫೈಲಲ್ಲಿ 8080ರ ಕನೆಕ್ಟರಿಗೆ (ಕೋರಿಕೆ ಒಳಗೆ ಬರುವ ಬಾಗಿಲು) ಯುಆರ್‌ಐ-ಎನ್‌ಕೋಡಿಂಗ್ ಯುಟಿಎಫ್-8 ಅಂತ ನಾನು ಹಿಂದೆಯೇ ಹಾಕಿದ್ದೆ, ಆದ್ರೆ ಅಪಾಚೆ ಮಾತಾಡೋದು ಎಜೆಪಿ ಅನ್ನೋ ಬೇರೆ ಪ್ರೋಟೋಕಾಲಿನ ಕನೆಕ್ಟರ್ ಜೊತೆ, ಅದಕ್ಕೆ ಬೇರೆಯೇ ಹಾಕ್ಬೇಕು, ಅದಕ್ಕೆ ಹಾಕ್ಲಿಲ್ಲ. ಒಂದು ಸಾಲು ಸೇರಿಸಿ ರೀಸ್ಟಾರ್ಟ್ ಮಾಡಿದೆ, "ಅಡಿಕೆ" ಬಂತು.

ಪೋಸ್ಟ್ ಮಾಡಿದ ಫಾರ್ಮಿಗೆ ಈ ಸೆಟ್ಟಿಂಗ್ ಸಾಕಾಗೋದಿಲ್ಲ. ಅಲ್ಲಿ ಮೊದಲ ಪ್ಯಾರಾಮೀಟರ್ ಓದುವ ಮೊದಲೇ ರಿಕ್ವೆಸ್ಟಿನ ಎನ್‌ಕೋಡಿಂಗ್ ಯುಟಿಎಫ್-8 ಮಾಡ್ಬೇಕು, ಹಾಗಾಗಿ ಎನ್‌ಕೋಡಿಂಗ್ ಫಿಲ್ಟರ್ ಎಲ್ಲ ಫಿಲ್ಟರಿಗಿಂತ ಮುಂದೆ ಇರ್ಲಿ.

ಲಾಗಲ್ಲಿ ಪರ್ಸೆಂಟ್ 25 (%25) ಕಂಡ್ರೆ ಕಥೆ ಬೇರೆ. ಕನ್ನಡದ ಅಕ್ಷರ ಯುಆರ್‌ಎಲಲ್ಲಿ ಪರ್ಸೆಂಟ್ ಇ0 ಅಂತ ಶುರುವಾಗ್ಬೇಕು, ಆ ಪರ್ಸೆಂಟನ್ನೇ ಯಾರೋ ಮತ್ತೊಮ್ಮೆ ಎನ್‌ಕೋಡ್ ಮಾಡಿದ್ರೆ 25 ಬರ್ತದೆ. ಹೆಚ್ಚಾಗಿ ಪ್ರಾಕ್ಸಿಯಲ್ಲಿ ವಿಳಾಸ ತಿದ್ದುವ ರೀರೈಟ್ ರೂಲಿನ ಕೆಲಸ. ಅಪಾಚೆಯ ಪ್ರಾಕ್ಸಿ-ಪಾಸಿಗೆ ನೋಕ್ಯಾನನ್ ಅಂತ ಸೇರಿಸಿದ್ರೆ ಪಾಥನ್ನ ಬಂದ ಹಾಗೇ ದಾಟಿಸ್ತದೆ. ಪ್ರಾಕ್ಸಿ ಅಪಾಚೆ ಅಲ್ಲ, ಎಂಜಿನ್‌ಎಕ್ಸ್ ಆದ್ರೆ ಪ್ರಾಕ್ಸಿ-ಪಾಸ್ ವಿಳಾಸದ ಕೊನೆಗೆ ಒಂದು ಓರೆಗೆರೆ ಇದ್ರೂ ಪಾಥನ್ನ ಬಿಚ್ಚಿ ಮತ್ತೆ ಕಟ್ತದೆ, ಅದನ್ನ ತೆಗೆದು ನೋಡಿ.

ಡೇಟಾಬೇಸ್ ಕೊನೆಗೆ. ಮೈಎಸ್‌ಕ್ಯುಎಲಲ್ಲಿ ಟೇಬಲ್ ಮತ್ತು ಕನೆಕ್ಷನ್ ಎರಡೂ ಯುಟಿಎಫ್8ಎಂಬಿ4 (ಅದರಲ್ಲಿ ಪೂರ್ತಿ ಯುಟಿಎಫ್-8ಕ್ಕೆ ಇರೋ ಹೆಸರು) ಇರ್ಲಿ. ಕನೆಕ್ಷನ್ ಲ್ಯಾಟಿನ್1 ಇದ್ದು ಬರೆಯೋದೂ ಓದೋದೂ ಅದರಲ್ಲೇ ಆದ್ರೆ ಪೇಜಲ್ಲಿ ಕನ್ನಡ ಚಂದವೇ ಕಾಣ್ತದೆ, ಕನೆಕ್ಷನ್ ಸರಿ ಮಾಡಿದ ದಿನ ಹಳೇ ದಾಖಲೆ ಎಲ್ಲ ಒಡೀತದೆ. ಹಾಗಾಗಿ ಮುಟ್ಟುವ ಮೊದಲು ಬ್ಯಾಕಪ್ ಬೇಕೇ ಬೇಕು. ಸಣ್ಣ 2 ಇರೋ ಸಾಲುಗಳನ್ನ ಲ್ಯಾಟಿನ್1 ಬೈಟಾಗಿ ತಿರುಗಿಸಿ ಯುಟಿಎಫ್-8 ಅಂತ ಓದಿಸಿದ್ರೆ ವಾಪಸ್ ಬರ್ತದೆ, ಮೊದಲು ನಾಲ್ಕೈದು ಸಾಲಲ್ಲಿ ನೋಡಿ. ಪ್ರಶ್ನೆ ಚಿಹ್ನೆ ಆದದ್ದು ಬರೋದಿಲ್ಲ. ನಮ್ಮ ಲೈಬ್ರರಿಯಲ್ಲಿ ಹಾಗಾದ ಹೆಸರುಗಳನ್ನ ಹಳೇ ರಿಜಿಸ್ಟರ್ ತೆಗೆದಿಟ್ಟುಕೊಂಡು ಕೈಯಲ್ಲೇ ಮತ್ತೆ ಟೈಪ್ ಮಾಡಿದೆವು.